ಸೋನುಬಾಯಿ ಕೂಡಿಸಿದ ಕಾರು

ಹುಮನಾಬಾದಿನ ಬಸ್ ನಿಲ್ದಾಣದಿಂದ ಮಾಣಿಕನಗರದ ಕಡೆ ಹೊರಳುವ ರಸ್ತೆಯಲ್ಲಿ ನನ್ನದೊಂದು ಪುಸ್ತಕದ ಅಂಗಡಿ ಇತ್ತು. ಅಂಗಡಿಯ ಕಟ್ಟೆ ನನ್ನದು, ಕಟ್ಟೆಯ ಬುಡದ ನೆರಳು ಸೋನುಬಾಯಿಯದು. ಆ ನೆರಳನ್ನು ಆಕೆ ನನ್ನಿಂದ ಕೇಳಿ ಪಡೆದದ್ದೇನಲ್ಲ. ಒಂದು ದಿನ ಕೆಂಡದ ಒಲೆ ಶೇಗಡಿ, ಇದ್ದಲಿಯ ಚೀಲ, ಎರಡು ಕಬ್ಬಿಣದ ಕಡ್ಡಿ ತಂದು ಕೂತಳು, ಅಷ್ಟೇ. ಒಡೆದ ಪ್ಲಾಸ್ಟಿಕ್ ಬಕೆಟ್ಟು, ಬಿರಿದ ಕೊಡ, ಹಿಡಿಕೆ ಕಿತ್ತ ಮಗ್ಗು ಬೆಸೆದು ಕೊಡುವುದು ಆಕೆಯ ಕಸುಬು. ಕಾದ ಕಡ್ಡಿ ಪ್ಲಾಸ್ಟಿಕ್ಕಿಗೆ ಮುಟ್ಟಿದೊಡನೆ ಏಳುತ್ತಿದ್ದ ಹಾಳು ವಾಸನೆ ನೇರ ನನ್ನ ಅಂಗಡಿಗೇ ನುಗ್ಗುತ್ತಿತ್ತು. ನನ್ನಲ್ಲಿ ನೋಟ್‌ಬುಕ್ ಕೊಂಡು ಓದಿದ ಮಕ್ಕಳೆಲ್ಲ ಸುಟ್ಟ ಬಕೆಟ್ಟಿನ ವಾಸನೆ ಕುಡಿದೇ ಪಾಸಾದವರು.

“ಸೋನುಬಾಯಿ, ಸ್ವಲ್ಪ ಆ ಕಡೆ ಸರದು ಕೂಡಬಾರದೇನು?” ಎಂದು ಕೇಳಿದರೆ, “ಆ ಕಡೆ ಬಿಸಲದ ಅಣ್ಣಾ. ನಿಮಗ ತ್ರಾಸ ಆಗಾಕತ್ತಿದ್ರ ನೀವೇ ಒಂದೀಟು ಒಳಗ ಸರೀರಿ” ಎನ್ನುತ್ತಿದ್ದಳು. ನಾನು ಸರಿಯುತ್ತಿದ್ದೆ.

ಆಕೆ ಘಾಟಬೋರಾಳದ ಒಕ್ಕಲು ಮನೆಯ ಮಗಳು. ಬೀದರ ಜಿಲ್ಲೆ ಹೈದರಾಬಾದನ್ನು ಬಿಟ್ಟು ಮೈಸೂರಿಗೆ ಸೇರಿದ ಐವತ್ತಾರರಲ್ಲಿ ಲಗ್ನವಾಗಿ ಹುಮನಾಬಾದಿಗೆ ಬಂದಳು. ಗಂಡ ತುಳಜಾರಾಮ ಕಂದೀಲು, ತಗಡಿನ ಡಬ್ಬಿಗಳಿಗೆ ಬೆಸುಗೆ ಹಾಕುವವನು, ಒಳ್ಳೆಯ ಮನುಷ್ಯ, ಸ್ವಲ್ಪ ಸೋಮಾರಿ. ಪೇಟೆಗೆ ಪ್ಲಾಸ್ಟಿಕ್ ಬಂದಾಗ ಆತ ಮೂಗು ಮುರಿದ. “ಇದು ಸಾಮಾನಲ್ಲ, ಮಕ್ಕಳ ಆಟಗಿ” ಎಂದ. ಸೋನುಬಾಯಿ ಮಾತ್ರ ಮನೆಯ ಒಡೆದ ಮಗ್ಗಿಗೆ ಗಂಡನ ಕಡ್ಡಿಯನ್ನೇ ಕಾಸಿ ಒತ್ತಿದಳು. ತೂತು ಇನ್ನಷ್ಟು ದೊಡ್ಡದಾಯಿತು. ಮತ್ತೆ ಒತ್ತಿದಳು. ಬಾಚಣಿಗೆ, ಸೋಪಿನ ಡಬ್ಬಿ, ಕೊನೆಗೆ ಗಂಡನ ಕನ್ನಡಕದ ಕಾಲು ಕೂಡ ಆಕೆಯ ಕಲಿಕೆಗೆ ಆಹುತಿಯಾದವು. ಆದರೆ ಕಲಿತಳು. ಆಮೇಲೆ ಕಡ್ಡಿ ಆಕೆಯ ಕೈಗೆ ಬಂತು, ಇದ್ದಲಿ ಊದುವ ಕೆಲಸ ತುಳಜಾರಾಮನ ಪಾಲಿಗೆ ಹೋಯಿತು. ಅದರಿಂದ ಆತನಿಗೆ ಬೇಸರವಾದಂತೆ ನನಗೆ ಕಾಣಲಿಲ್ಲ. ಬೀಡಿ ಹಚ್ಚಲು ಕೆಂಡ ಸದಾ ಕೈಯಳತೆಯಲ್ಲೇ ಇರುತ್ತಿತ್ತು.

ಬಕೆಟ್ಟಿನಿಂದ ಆಕೆ ಕಾರಿಗೆ ಹೋದದ್ದು ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ. ಬಸವಕಲ್ಯಾಣದ ಬಸ್ಸಿನಿಂದ ಮುನ್ನಿ ಬೀ ಎಂಬ ಹೆಂಗಸು ಇಳಿದು ಬಂದಳು. ಎದೆಗೆ ಒಂದು ಪೆಟ್ಟಿಗೆ ಅವಚಿಕೊಂಡಿದ್ದಳು. ಗಂಡ ಇಲ್ಲ, ಇರುವವನು ಒಬ್ಬನೇ ಮಗ ಅಬ್ದುಲ್ ರಜಾಕ್. ಅವನು ಕುವೈತಿಗೆ ಹೋಗಿ ಡ್ರೈವರ್ ಆಗಿದ್ದ. ಅವರ ಗಲ್ಲಿಯಲ್ಲಿ ಈಕೆಯನ್ನು ಹೆಸರು ಹಿಡಿದು ಕರೆಯುವುದನ್ನೇ ಬಿಟ್ಟು ‘ಡ್ರೈವರನ ಅಮ್ಮ’ ಎನ್ನತೊಡಗಿದ್ದರು.

ಮುನ್ನಿ ಬೀ ಪೆಟ್ಟಿಗೆ ತೆರೆದಳು. ಒಳಗೆ ಬರೀ ಚೂರು. ಬಾಗಿಲು, ಗಾಲಿ, ಸೀಟು, ಇಂಜಿನ್ನಿನ ಸಣ್ಣ ಸಣ್ಣ ಭಾಗಗಳು, ಎಲ್ಲವೂ ಪ್ಲಾಸ್ಟಿಕ್ ಕಡ್ಡಿಗಳ ಚೌಕಟ್ಟಿಗೆ ಅಂಟಿಕೊಂಡಿದ್ದವು. ಪೆಟ್ಟಿಗೆಯ ಮೇಲೆ ಹಳೆಯ ಕಾಲದ ಅಮೆರಿಕದ ಕಾರಿನ ಚಿತ್ರವಿತ್ತು. ಮುಂದಿನ ಗಾಲಿ ಸಣ್ಣವು, ಹಿಂದಿನವು ಭಾರಿ. ಬಾನೆಟ್ ಇಲ್ಲದೆ ಇಂಜಿನ್ ಬೆತ್ತಲೆ ನಿಂತಿತ್ತು. ಅಲ್ಲಿಂದ ಬಾಗಿಲ ತನಕ ಕೆಂಪು ಹಳದಿ ಬೆಂಕಿಯ ನಾಲಿಗೆಗಳನ್ನು ಬಣ್ಣದಲ್ಲಿ ಬರೆದಿದ್ದರು. ಆ ದೇಶದ ಷೋಕಿ ಹುಡುಗರು ಹಳೆಯ ಕಾರು ಕೊಯ್ದು, ದೊಡ್ಡ ಇಂಜಿನ್ ಕೂಡಿಸಿ, ಹೀಗೆ ಬಣ್ಣ ಬಳಿದು ಹುಚ್ಚಾಪಟ್ಟೆ ಓಡಿಸುತ್ತಾರೆ. ಅದಕ್ಕೆ ಹಾಟ್ ರಾಡ್ ಎನ್ನುತ್ತಾರೆಂದು ಪೆಟ್ಟಿಗೆಯ ಮೇಲಿನ ಇಂಗ್ಲಿಷನ್ನು ನಾನೇ ಓದಿ ತಿಳಿದುಕೊಂಡೆ.

“ಅಕ್ಕಾ, ನನ್ನ ಬಚ್ಚಾ ಟಪಾಲಿನಾಗ ಕಾರು ಕಳಿಸ್ಯಾನ. ಚೂರಾ ಚೂರಾ ಆಗಿ ಬಂದದ” ಎಂದು ಮುನ್ನಿ ಬೀ ಸೋನುಬಾಯಿಯ ಮುಂದೆ ಕೂತು ಅತ್ತಳು. “ಡ್ರೈವರ್ ಕಳಿಸಿದ ಕಾರು ಹಿಂಗ ಬಂದ್ರ ಅದರ ಮತಲಬ್ ಏನು? ಮ್ಯಾಲ ಬೆಂಕಿ ಬ್ಯಾರೆ ಹತ್ಯದ, ನೋಡು!”

ನನಗೆ ಸುಮ್ಮನಿರಲಾಗಲಿಲ್ಲ. “ಇದು ಮುರದದ್ದಲ್ಲ ತಾಯಿ. ಹಿಂಗ ಬಿಡಿಬಿಡಿಯಾಗೇ ಮಾರ್ತಾರ. ತಗೊಂಡವರು ಕೂತು ಜೋಡಿಸಬೇಕು. ಅದೇ ಆಟ” ಎಂದೆ.

“ರೊಕ್ಕಾ ಕೊಟ್ಟು ಯಾರರೆ ಮುರದ ಸಾಮಾನ ತಗೋತಾರೇನ್ರಿ ಸಾವ್ಕಾರ?” ಎಂದಳು ಮುನ್ನಿ ಬೀ.

ಸೋನುಬಾಯಿ ಚೂರುಗಳನ್ನು ಮೂಸಿ, ಬಗ್ಗಿಸಿ, ಉಗುರಿನಿಂದ ಗೀರಿ ನೋಡಿದಳು. “ಇದು ಮುರದಿಲ್ಲ ಬೀಬಿ, ಬಿಚ್ಯಾರ. ಬಂಗಾರ ಅಡಗಿಸಿ ತರ್ತಾರಂತ ದಾರ್ಯಾಗ ಯಾರೋ ಬಿಚ್ಚಿ ನೋಡ್ಯಾರ. ಆಮ್ಯಾಗ ಕೂಡಿಸಾಕ ಬರದೇ ಹಂಗೇ ತುಂಬ್ಯಾರ.”

ಪೆಟ್ಟಿಗೆಯ ತಳದಲ್ಲಿ ಯಾವ ಭಾಗ ಎಲ್ಲಿಗೆ ಎಂದು ಚಿತ್ರ ಬರೆದ ಹಾಳೆ ಇತ್ತು. ಅದನ್ನು ಎತ್ತಿ ಹಿಡಿದು, “ನೋಡ್ರಿ, ಜೋಡಿಸೋದು ಹ್ಯಾಂಗಂತ ಇದರಾಗೇ ಅದ” ಎಂದೆ. “ಬಿಚ್ಚಿದವರೇ ಬರದಿಟ್ಟಾರ, ಪಾಪ” ಎಂದಳು ಸೋನುಬಾಯಿ. ನಾನು ಒಳಗೆ ಹೋಗಿ ಗಲ್ಲಾಪೆಟ್ಟಿಗೆಯ ಹಿಂದೆ ಕೂತೆ.

ಆದರೂ ಮುನ್ನಿ ಬೀ ಮುಂದೆ ಹೇಳಿದ್ದು ಕಿವಿಗೆ ಬಿತ್ತು. “ಪೂರಾ ಕೂಡಬೇಕು ಅಕ್ಕಾ. ಒಂದು ಚೂರೂ ಹೊರಗ ಉಳೀಬಾರದು. ಒಂದು ಉಳೀತಂದ್ರೂ ನನ್ನ ರಜಾಕ್ ಪೂರಾ ಮನಿಗಿ ಬರಾಂಗಿಲ್ಲ. ನನ್ನ ದಿಲ್ ಹೇಳಾಕತ್ತದ.” ಆಗ ನನಗೆ ನಗು ಬರಲಿಲ್ಲ. ಪುಣೆ–ಹೈದರಾಬಾದ್ ರಸ್ತೆಯ ಪಕ್ಕದಲ್ಲಿ ಬದುಕುವವರು ನಾವು. ಚೂರಾದ ಲಾರಿಗಳನ್ನೂ, ಮನೆಗೆ ಪೂರ್ತಿ ಬಾರದ ಡ್ರೈವರುಗಳನ್ನೂ ನೋಡಿದವರು.

ಸೋನುಬಾಯಿ ಬಕೆಟ್ಟಿಗೆ ಹಿಡಿಯುವಷ್ಟೇ ಧೈರ್ಯದಿಂದ ಕಾದ ಕಡ್ಡಿ ಹಿಡಿದಳು. ಮುಂದಿನ ಬಂಪರ್ ಕಣ್ಣೆದುರೇ ಹಪ್ಪಳದಂತೆ ಮುದುಡಿಹೋಯಿತು. ಮುನ್ನಿ ಬೀ ಕಿಟಾರನೆ ಕಿರುಚಿದಳು. ತುಳಜಾರಾಮ ಊದುವುದನ್ನು ನಿಲ್ಲಿಸಿದ. ಸೋನುಬಾಯಿ ಮಾತ್ರ ಮುದುಡಿದ ಚೂರನ್ನು ಬೆಳಕಿಗೆ ಹಿಡಿದು, “ಭಾಳ ನಾಜೂಕದ. ಇದಕ ಬೆಂಕಿ ಒಗ್ಗಂಗಿಲ್ಲ” ಎಂದಳು, ಬೇರೆ ಯಾರದೋ ತಪ್ಪೆಂಬಂತೆ.

ಮರುದಿನವೇ ಲಾರಿಗಳಿಗೆ ಬಣ್ಣ ಬರೆಯುವ ನಬೀಸಾಬನ ಹತ್ತಿರ ಹೋಗಿ ಒಂದು ಶೀಶೆ ಥಿನ್ನರ್ ತಂದಳು. ಚೂರುಗಳನ್ನು ಹಿಡಿದಿದ್ದ ಬೇಡದ ಕಡ್ಡಿಗಳನ್ನು ಕತ್ತರಿಸಿ ಅದರಲ್ಲಿ ಹಾಕಿದಳು. ಕಡ್ಡಿ ಕರಗಿ ಬೆಲ್ಲದ ಪಾಕದಂತಾಯಿತು. ಆ ಪಾಕವನ್ನು ಕುಂಕುಮದ ಕಡ್ಡಿಯ ತುದಿಯಲ್ಲಿ ಹಚ್ಚಿ ಎರಡು ಚೂರು ಒತ್ತಿ ಹಿಡಿದರೆ ಅವು ಹುಟ್ಟಿದಾಗಿನಿಂದ ಒಂದೇ ಆಗಿದ್ದಂತೆ ಕೂಡುತ್ತಿದ್ದವು. ಇನ್ನೊಂದು ಕಡ್ಡಿಯನ್ನು ಕೆಂಡದ ಮೇಲೆ ಹಿಡಿದು, ಮೆತ್ತಗಾದೊಡನೆ ಎರಡೂ ಕಡೆ ಎಳೆದು ಕೂದಲಿನಷ್ಟು ತೆಳ್ಳಗೆ ಮಾಡಿ, ಇಂಜಿನ್ನಿಗೆ ವೈರು ಹಾಕಿದಳು. ಆ ವೈರು ಪೆಟ್ಟಿಗೆಯ ಚಿತ್ರದಲ್ಲೂ ಇರಲಿಲ್ಲ. “ಇಂಜಿನ್ನಿಗಿ ವೈರ ಇಲ್ಲದೇ ಗಾಡಿ ಹ್ಯಾಂಗ ಚಾಲೂ ಆಗ್ತದ?” ಎಂದು ನನ್ನನ್ನೇ ಕೇಳಿದಳು. ಸುಟ್ಟ ಬಂಪರಿನ ಬದಲು ಸೋಪಿನ ಡಬ್ಬಿಯ ಅಂಚು ಕೊಯ್ದು, ಅರದಿಂದ ತಿಕ್ಕಿ, ನಬೀಸಾಬನ ಬೆಳ್ಳಿ ಬಣ್ಣ ಬಳಿದು ಕೂಡಿಸಿದಳು. ಬಕೆಟ್ಟಿನ ಗಿರಾಕಿಗಳು ಸಾಲಾಗಿ ನಿಂತು ಬೈದರೂ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ.

ಬೆಂಕಿಯ ಚಿತ್ರ ಬೇರೆ ಕಾಗದದ ಮೇಲಿತ್ತು. ನೀರಿನಲ್ಲಿ ನೆನೆಸಿ ಕಾರಿಗೆ ಅಂಟಿಸುವ ಚಿತ್ರವದು. ನಾನು ಹಾಗೆಂದು ಹೇಳುವುದರೊಳಗೆ ಸೋನುಬಾಯಿ ಅದನ್ನು ಬಕೆಟ್ಟಿನ ನೀರಿಗೆ ಹಾಕಿಯಾಗಿತ್ತು. ಜ್ವಾಲೆಗಳು ಕಾಗದ ಬಿಟ್ಟು ಮೆಲ್ಲಗೆ ತೇಲಿದವು. “ಬೆಂಕಿ ನೀರಾಗ ಬಿತ್ತು ಬೀಬಿ, ಆರಿತು” ಎಂದಳು. ಮುನ್ನಿ ಬೀ ಬಕೆಟ್ಟಿನಲ್ಲಿ ಇಣುಕಿ ಅಲ್ಲಾಹನಿಗೆ ಶುಕ್ರಿಯಾ ಹೇಳಿದಳು. ಬೆಂಕಿ ಇರಬೇಕಾದ ಜಾಗದಲ್ಲಿ ನಬೀಸಾಬ ಒಂದು ಬದಿಗೆ ಗುಲಾಬಿ, ಇನ್ನೊಂದು ಬದಿಗೆ ನವಿಲು ಬರೆದ. ಹಿಂದೆ ‘ಹಾರನ್ ಕೊಡಿ’ ಎಂದೂ ಬರೆದ, ಬರೆಯದೆ ಅವನ ಕೈ ನಿಲ್ಲುತ್ತಿರಲಿಲ್ಲ.

ಕಾರು ಮುಗಿಯಿತು. ಅಂಗೈಯಗಲದ ಕಾರು, ಬಾಗಿಲು ತೆರೆದು ಮುಚ್ಚುತ್ತಿತ್ತು, ಗಾಲಿ ಉರುಳುತ್ತಿತ್ತು. ಬಸ್ಸಿಗೆ ಕಾಯುತ್ತಿದ್ದವರೂ ಬಂದು ನೋಡಿದರು. ಆಗ ಮುನ್ನಿ ಬೀ ಪೆಟ್ಟಿಗೆ ಕೊಡವಿದಳು. ಹಿಡಿಯಷ್ಟು ಚೂರು ಉದುರಿದವು: ಇನ್ನೂ ನಾಲ್ಕು ಗಾಲಿ, ಇನ್ನೊಂದು ಬಗೆಯ ಹೊಗೆ ಕೊಳವೆ, ಎರಡನೆಯ ಸ್ಟಿಯರಿಂಗ್, ಹೆಸರಿಲ್ಲದ ಏನೇನೋ.

ಆಕೆಯ ಮುಖ ನೋಡಲಾಗಲಿಲ್ಲ. “ಉಳದಾವಲ್ಲ ಅಕ್ಕಾ” ಎಂದಳು, ಅಷ್ಟೇ.

ಇಷ್ಟವಾದದ್ದನ್ನು ಆರಿಸಿ ಹಾಕಿಕೊಳ್ಳಲಿ ಎಂದು ಹೆಚ್ಚಿಗೆ ಕೊಟ್ಟಿರುತ್ತಾರೆಂದು ನಾನು ಹಾಳೆ ಓದಿ ಹೇಳಿದೆ. ಯಾರು ಕೇಳುತ್ತಾರೆ? ಸೋನುಬಾಯಿ ಮುನ್ನಿ ಬೀಯ ಮುಖವನ್ನೊಮ್ಮೆ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಕೂತಳು. ಹೆಚ್ಚಿನ ನಾಲ್ಕು ಗಾಲಿ ಸ್ಟೆಪ್ನಿಯಾಗಿ ಕಾರಿನ ಟಾಪಿನ ಮೇಲೇರಿದವು. ಹೊಗೆ ಕೊಳವೆಗಳು ಇಂಜಿನ್ನಿನ ಸುತ್ತ ಶಹನಾಯಿಗಳಂತೆ ನಿಂತವು. ಎರಡನೆಯ ಸ್ಟಿಯರಿಂಗ್ ಹಿಂದಿನ ಡಿಕ್ಕಿಯ ಮುಚ್ಚಳಕ್ಕೆ ಹಿಡಿಕೆಯಾಯಿತು. ಹೆಸರಿಲ್ಲದ್ದೆಲ್ಲ ಕಾರಿನ ಅಡಿಗೆ ಹೋಯಿತು. ಕೊನೆಗೆ ಮುನ್ನಿ ಬೀ ಪೆಟ್ಟಿಗೆಯ ಮೂಲೆ ಮೂಲೆಗೂ ಬೆರಳಾಡಿಸಿ, ಏನೂ ಸಿಗದಾಗ ಸೋನುಬಾಯಿಯ ಎರಡೂ ಕೈ ಹಿಡಿದು ಕಣ್ಣಿಗೊತ್ತಿಕೊಂಡಳು. ಅಮೆರಿಕದ ಷೋಕಿ ಹುಡುಗರು ಆ ಕಾರನ್ನು ನೋಡಿದ್ದರೆ ಮೂರ್ಛೆ ಹೋಗುತ್ತಿದ್ದರು. ನನಗಂತೂ ಬಹಳ ಚೆಂದ ಕಂಡಿತು.

ಕಾರು ಕೂಡಿತಾದರೂ ಮುನ್ನಿ ಬೀಯ ಅಂಜಿಕೆ ಪೂರ್ತಿ ಹೋಗಲಿಲ್ಲ. ಕನ್ನಡಿಯೊಂದು ಸಡಿಲಾದರೆ ಸಾಕು, ಮುಂದಿನ ಬಸ್ಸಿಗೇ ಹುಮನಾಬಾದಿಗೆ ಬಂದು ಇಳಿಯುತ್ತಿದ್ದಳು. ಸೋನುಬಾಯಿ ಕೈಯಲ್ಲಿದ್ದ ಬಕೆಟ್ಟು ಬಿಟ್ಟು ಮೊದಲು ಅದನ್ನು ಅಂಟಿಸುತ್ತಿದ್ದಳು, ಅದಕ್ಕೆ ಏನೂ ತೆಗೆದುಕೊಳ್ಳುತ್ತಿರಲಿಲ್ಲ. ಇಬ್ಬರೂ ಕೂತು ಎಲೆ ಅಡಿಕೆ ಜಗಿಯುವುದು, ರಜಾಕನ ಸುದ್ದಿ, ಮತ್ತೆ ಕಣ್ಣೀರು, ಮತ್ತೆ ಬಸ್ಸು.

ಇತ್ತ ಸೋನುಬಾಯಿಗೆ ಕಾರಿನ ಹುಚ್ಚು ಹತ್ತಿತು. ಒಡೆದ ಸೋಪಿನ ಡಬ್ಬಿ, ಬಾಚಣಿಗೆ, ಪೆನ್ನಿನ ಕೊಳವೆ ಕೊಯ್ದು ತಾನೇ ಕಾರು ಮಾಡತೊಡಗಿದಳು. ಒಂದಕ್ಕೂ ಬಾನೆಟ್ ಇಡುತ್ತಿರಲಿಲ್ಲ. “ಇಷ್ಟು ತ್ರಾಸ ತಗೊಂಡು ಇಂಜಿನ್ ಮಾಡಿ ಮುಚ್ಚಿಡಬೇಕೇನು?” ಎನ್ನುವಳು. ಮಕ್ಕಳನ್ನು ಕೊಲ್ಲಿ ದೇಶಗಳಿಗೆ ಕಳಿಸಿದ ಬಸವಕಲ್ಯಾಣದ ಮನೆಗಳಿಂದ ಅಂಥ ಪೆಟ್ಟಿಗೆಗಳು ಆಕೆಯ ಬಳಿಗೆ ಬರತೊಡಗಿದವು. ನನ್ನ ಅಂಗಡಿಯ ಒಂದು ಕಪಾಟು ಕಾರುಗಳಿಂದ ತುಂಬಿತು. ಕಪಾಟು ಕೊಡುತ್ತೇನೆಂದು ನಾನು ಹೇಳಿದ್ದು ನೆನಪಿಲ್ಲ. ಆದರೆ ಅವುಗಳ ಧೂಳು ಒರೆಸುವವನು ನಾನೇ ಆಗಿದ್ದೆ. ಬೇರೆ ಯಾರೂ ಮುಟ್ಟಕೂಡದೆಂದು ನನ್ನದೇ ಕಟ್ಟಪ್ಪಣೆ ಇತ್ತು.

ಎಂಬತ್ತೊಂದರ ರಮಜಾನ್ ಹಬ್ಬಕ್ಕೆ ರಜಾಕ್ ಊರಿಗೆ ಬಂದ. ಮುನ್ನಿ ಬೀ ನಮ್ಮನ್ನು ಬಸವಕಲ್ಯಾಣಕ್ಕೆ ಕರೆಸಿದಳು. ಸೋನುಬಾಯಿ, ತುಳಜಾರಾಮ, ನಾನು ಮೂವರೂ ಹೋದೆವು. ಮನೆ ತುಂಬ ಓಣಿಯ ಜನ, ಎಲ್ಲರ ಕೈಯಲ್ಲೂ ಹಬ್ಬದ ಪಾಯಸ ಶೀರ್‌ಖುರ್ಮಾದ ಬಟ್ಟಲು. ರಜಾಕ್ ಹೊಸ ಅಂಗಿ ತೊಟ್ಟು, ಕೈಕಾಲು ಗಟ್ಟಿಯಾಗಿ ಎದುರಿಗೇ ಕೂತಿದ್ದ. ನವಿಲು ಬರೆದ ಕಾರನ್ನು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕ. “ಅಮ್ಮೀ, ಇದು ಹೊಸಾ ಡಬ್ಬಿ. ಮನ್ಯಾಗ ಕೂತು ಜೋಡಿಸಲಿಕ್ಕೇ ಹಿಂಗ ಮಾರ್ತಾರ” ಎಂದ. ನಾನು ಗೆದ್ದವನಂತೆ ಸುತ್ತ ನೋಡಿದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ.

ಮುನ್ನಿ ಬೀ ನಗಲಿಲ್ಲ. ಕಾರನ್ನು ಮಗನ ಕೈಯಿಂದ ತೆಗೆದುಕೊಂಡು, “ಮತ್ತ ಹೋಗಬ್ಯಾಡ” ಎಂದಳು. “ಒಣಾ ರೊಟ್ಟಿ ತಿಂತೀನಿ. ಒಂದು ದಿನನೂ ನಿದ್ದಿ ಮಾಡಿಲ್ಲ ನಾ. ರಸ್ತಾದಾಗ ಹಾರನ್ ಕೇಳಿದ್ರ ನಿನ್ನ ನೆನಪ ಆಗಿ ಎದಿ ಒಡೀತದ. ಇವತ್ತ ಎಲ್ಲರ ಮುಂದ ಕಸಮ್ ತಗೋ, ಇನ್ನ ಗಾಡಿ ಹೊಡ್ಯಾಂಗಿಲ್ಲ ಅಂತ.”

ರಜಾಕನ ನಗು ಇಳಿಯಿತು. ಓಣಿಯ ಜನರನ್ನೊಮ್ಮೆ, ನೆಲವನ್ನೊಮ್ಮೆ ನೋಡಿದ. ಕಿವಿ ಕೆಂಪಾದವು. “ಅಮ್ಮೀ, ನಾ ಡ್ರೈವರ್ ಅಲ್ಲ” ಎಂದ. “ಡ್ರೈವರ್ ಕೆಲಸಾ ಕೊಡಸ್ತೀನಂತ ಕರಕೊಂಡ ಹೋದವ ಕೈ ಕೊಟ್ಟ. ನಾ ಅಲ್ಲಿ ಆಟಗಿ ಮಾರೋ ದೊಡ್ಡ ದುಕಾನದಾಗ ಕಸಾ ಹೊಡೀತೀನಿ, ಡಬ್ಬಿ ಹೊರ್ತೀನಿ. ಇದನ್ನೂ ಮಾಲಕ ಸುಮ್ಮನೇ ಕೊಟ್ಟಿದ್ದ. ಇಲ್ಲಿ ಎಲ್ಲಾರೂ ನಿನಗ ಡ್ರೈವರನ ಅಮ್ಮ ಅಂತಿದ್ರು. ಹೇಳಾಕ ಬಾಯಿ ಬರಲಿಲ್ಲ.”

ಅವನಿಗಾದ ನಾಚಿಕೆ ನನಗೂ ತಾಗಿ, ಎಲ್ಲಿ ನೋಡಬೇಕೆಂದು ತಿಳಿಯಲಿಲ್ಲ.

“ಗಾಡಿ ಹೊಡ್ಯಾಂಗಿಲ್ಲೇನು?” ಎಂದು ಮುನ್ನಿ ಬೀ ಕೇಳಿದಳು.

“ಇಲ್ಲ ಅಮ್ಮೀ.”

“ಒಂದು ದಿನನೂ?”

“ಒಂದು ದಿನನೂ ಇಲ್ಲ. ನನಗ ಬರಾಂಗೇ ಇಲ್ಲ.”

ಮುನ್ನಿ ಬೀ ಎದ್ದಳು. ಕಾರನ್ನು ಚಾಪೆಯ ಮೇಲೆ ಎಲ್ಲೋ ಇಟ್ಟು, ತಲೆಯ ಮೇಲಿನ ಸೆರಗು ಜಾರಿದ್ದೂ ಗೊತ್ತಾಗದೆ, ಬಾಗಿಲು ದಾಟಿ ಓಣಿಗೆ ಇಳಿದಳು. ಹಬ್ಬಕ್ಕೆ ತೆರೆದಿಟ್ಟ ಒಂದೊಂದು ಬಾಗಿಲ ಮುಂದೆಯೂ ನಿಂತು ಕೂಗತೊಡಗಿದಳು. “ಕೇಳ್ರಿ! ನಮ್ಮ ರಜಾಕ್ ಡ್ರೈವರ್ ಅಲ್ಲಂತ! ಕಸಾ ಹೊಡೀತಾನಂತ, ನನ್ನ ರಾಜಾ, ನೆರಳಾಗ ನಿಂತು ಕಸಾ ಹೊಡೀತಾನಂತ!” ನಗುತ್ತಿದ್ದಳು, ಚಪ್ಪಾಳೆ ತಟ್ಟುತ್ತಿದ್ದಳು.

ರಜಾಕ್ ಆಕೆಯನ್ನು ತಡೆಯಲು ಏಳಹೋದ. ಸೋನುಬಾಯಿ ಅವನ ರಟ್ಟೆ ಹಿಡಿದು ಕೂರಿಸಿದಳು. “ಕೂಡೋ ತಮ್ಮಾ. ಹೇಳಲಿ, ಎಲ್ಲಾ ಮನಿಗೂ ಹೇಳಲಿ” ಎಂದಳು. ಆಕೆಯ ಕಣ್ಣಲ್ಲೂ ನೀರಿತ್ತು, ನನ್ನ ಕಣ್ಣಲ್ಲೂ. ನಾವು ಶೀರ್‌ಖುರ್ಮಾ ತಿನ್ನುತ್ತ ಕೂತೆವು. ಓಣಿಯ ಆ ತುದಿಯಿಂದ ಮುನ್ನಿ ಬೀಯ ದನಿ ಇನ್ನೂ ಕೇಳುತ್ತಿತ್ತು.