ಕೆಟ್ಟುಹೋದ ಲಿಫ್ಟ್, ಕೆಡಿಸಿದ ವಾಕ್ಯ

ರಾಜಾಜಿನಗರದ ಒಂದು ಸಣ್ಣ ಲಿಫ್ಟ್ ಸರ್ವಿಸ್ ಆಫೀಸಿನಲ್ಲಿ ನಾನು ಎರಡು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಮೆಕ್ಯಾನಿಕ್‌ಗಳು ತಂದುಕೊಡುವ ಎಣ್ಣೆ ಮೆತ್ತಿದ ಚೀಟಿಗಳನ್ನು ಇಂಗ್ಲಿಷ್ ರಿಪೋರ್ಟಾಗಿ ಟೈಪ್ ಮಾಡಿ ಗಿರಾಕಿಗಳಿಗೆ ಕಳಿಸುವುದು ನನ್ನ ಕೆಲಸ. ಎಣಿಸುವ ಚಟ ನನಗೆ ಶಾಲೆಯ ದಿನಗಳಿಂದಲೂ ಇದೆ. ಬಂದ ಕಂಪ್ಲೇಂಟ್ ಎಷ್ಟು, ಕಳಿಸಿದ ರಿಪೋರ್ಟ್ ಎಷ್ಟು, ಹೊಸಹಳ್ಳಿ ಮೆಟ್ರೋ ಸ್ಟೇಷನ್ನಿನಲ್ಲಿ ಕಾದ ನಿಮಿಷ ಎಷ್ಟು ಎಂದು ದಿನವೂ ಡೈರಿಯಲ್ಲಿ ಬರೆದಿಡುತ್ತೇನೆ. ಹಾಗಾಗಿ ಆ ವಾಕ್ಯವನ್ನು ನಾನು ಬರೆದದ್ದು ಜೂನ್ ಹನ್ನೆರಡರ ಸಂಜೆ, ಆ ದಿನದ ಆರನೇ ರಿಪೋರ್ಟಿನಲ್ಲಿ ಎಂದು ಖಚಿತವಾಗಿ ಹೇಳಬಲ್ಲೆ.

‘ದ ಲಿಫ್ಟ್ ವಾಸ್ ಇಮ್ಮೀಡಿಯೆಟ್ಲಿ ಬ್ರೋಕನ್ ಡೌನ್ ಆ್ಯಂಡ್ ಅಟೆಂಡೆಡ್ ಬೈ ಅವರ್ ಟೆಕ್ನಿಷಿಯನ್.’

ಬರೆದಾಗ ಹೆಮ್ಮೆಯಾಗಿತ್ತು. ಮೆಕ್ಯಾನಿಕ್ ಕೊಟ್ಟ ಚೀಟಿಯಲ್ಲಿ ಇದ್ದದ್ದು ಇಷ್ಟೇ: ‘ಲಿಫ್ಟ್ ಬ್ರೇಕ್‌ಡೌನ್. ತಕ್ಷಣ ಹೋದೆ. ಬ್ರೇಕ್ ಕಾಯಿಲ್ ಸುಟ್ಟಿದೆ.’ ಗೌರವದ ಇಂಗ್ಲಿಷ್ ಎಂದರೆ ಕರ್ಮಣಿ ಪ್ರಯೋಗ, ಮಾಡಿದವನನ್ನು ವಾಕ್ಯದ ಕೊನೆಗೆ ತಳ್ಳಿ ‘ಬೈ’ ಹಚ್ಚಬೇಕು ಎಂದು ಹೈಸ್ಕೂಲಿನಲ್ಲಿ ಕಲಿತಿದ್ದೆ. ‘ತಕ್ಷಣ’ ಎಂಬುದಕ್ಕೆ ಜಾಗ ಹುಡುಕಿ ‘ವಾಸ್’ ಪಕ್ಕದಲ್ಲಿ ಕೂರಿಸಿದೆ. ಓದಿದರೆ ದೊಡ್ಡ ಕಂಪನಿಯ ಕಾಗದದಂತೆ ಕಾಣುತ್ತಿತ್ತು.

ಆ ಲಿಫ್ಟ್ ಇದ್ದದ್ದು ಬಸವೇಶ್ವರನಗರದ ನಾಲ್ಕು ಮಹಡಿಯ ಒಂದು ಕಟ್ಟಡದಲ್ಲಿ. ಅಂದು ಬೆಳಿಗ್ಗೆ ನಮ್ಮ ಮೆಕ್ಯಾನಿಕ್ ಅಲ್ಲಿಗೆ ಮಾಮೂಲಿ ಸರ್ವಿಸ್‌ಗೆ ಹೋಗಿ ಬಂದಿದ್ದರು. ಸಂಜೆ ನಾಲ್ಕಕ್ಕೆ ಲಿಫ್ಟ್ ಎರಡನೇ ಮತ್ತು ಮೂರನೇ ಮಹಡಿಯ ನಡುವೆ ನಿಂತಿತು. ಒಳಗೆ ಕೂಸನ್ನೆತ್ತಿಕೊಂಡ ಬಾಣಂತಿಯೊಬ್ಬಳಿದ್ದಳು. ಮೆಕ್ಯಾನಿಕ್ ಮತ್ತೆ ಓಡಿಹೋಗಿ, ಮೇಲಿನ ಮಷಿನ್ ರೂಮಿನಲ್ಲಿ ಚಕ್ರವನ್ನು ಕೈಯಲ್ಲೇ ತಿರುಗಿಸಿ, ಲಿಫ್ಟನ್ನು ಮಹಡಿಯ ಮಟ್ಟಕ್ಕೆ ತಂದು ಅವಳನ್ನು ಇಳಿಸಿದ್ದರು. ಆಮೇಲೆ ಬ್ರೇಕ್ ಬಿಡಿಸುವ ಆ ಕಾಯಿಲ್ ಬದಲಿಸಿದ್ದರು.

ಹದಿನಾರನೇ ತಾರೀಖು ಓನರ್ ನನ್ನ ಟೇಬಲ್ಲಿನ ಮೇಲೆ ಆ ರಿಪೋರ್ಟನ್ನೇ ತಂದು ಹಾಕಿದರು.

“ಏನಮ್ಮಾ ಇದು? ನಮ್ಮ ಟೆಕ್ನಿಷಿಯನ್ನೇ ಕೆಡಿಸಿದ ಅಂತ ನಾವೇ ಬರ್ಕೊಟ್ಟಿದೀವಂತೆ! ಅವನು ಬೆಳಿಗ್ಗೆ ಕೈ ಇಟ್ಟ, ಇಮ್ಮೀಡಿಯೆಟ್ ಆಗಿ ಮುರಿದ ಅಂತ ಆ ಬಿಲ್ಡಿಂಗ್ ಕಮಿಟಿಯೋರು ಓದ್ಕೊಂಡಿದಾರೆ. ಅವನನ್ನ ತೆಗೆದ್ರೇನೇ ಕಾಂಟ್ರಾಕ್ಟ್ ಅಂತಿದಾರೆ. ನಾನೇನು ಮಾಡ್ಲಿ?”

ಮೆಕ್ಯಾನಿಕ್ ಬಾಗಿಲ ಬಳಿಯೇ ನಿಂತಿದ್ದರು. ಬಾಗಲಕೋಟೆ ಕಡೆಯವರು, ನಲವತ್ತರ ಆಸುಪಾಸು. ಶ್ರೀಗಂಧದ ಕಾವಲ್‌ನಲ್ಲಿ ಹೆಂಡತಿ ಮಕ್ಕಳೊಂದಿಗೆ ಬಾಡಿಗೆ ಮನೆಯಲ್ಲಿದ್ದಾರೆ. ಅವರು ನನ್ನನ್ನೇ ನೋಡಿ ಕೇಳಿದರು.

“ತಂಗಿ, ನಾ ಬರದದ್ದು ಏನು, ನೀ ಬರದದ್ದು ಏನವಾ?”

ಅಂದು ಊಟದ ಹೊತ್ತಿನಲ್ಲಿ ಕಂಪ್ಯೂಟರಿನಲ್ಲಿದ್ದ ಹಳೆಯ ರಿಪೋರ್ಟುಗಳನ್ನೆಲ್ಲ ತೆರೆದು ಎಣಿಸಿದೆ. ‘ವಾಸ್ ಬ್ರೋಕನ್ ಡೌನ್’ ಎಂದು ನಲವತ್ತೊಂದು ಕಡೆ ಬರೆದಿದ್ದೆ. ಅದರಲ್ಲಿ ಒಂಬತ್ತು ಕಡೆ ‘ಬೈ’ ಕೂಡ ಇತ್ತು. ಅಂದರೆ ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾರೋ ನಲವತ್ತೊಂದು ಲಿಫ್ಟುಗಳನ್ನು ಮುರಿದುಹಾಕಿದ್ದಾರೆ, ಅದರಲ್ಲಿ ಒಂಬತ್ತನ್ನು ನಮ್ಮವರೇ ಎಂದು ನಾನು ಸಹಿ ಸಮೇತ ಸಾರಿದ್ದೆ. ಮಿಕ್ಕವರು ಓದದೆ ಫೈಲಿಗೆ ಹಾಕಿದ್ದರು. ಓದಿದವರು ಒಬ್ಬರೇ, ಬಸವೇಶ್ವರನಗರದ ಆ ಕಮಿಟಿಯ ಕಾರ್ಯದರ್ಶಿ.

ಫೈಲು ನೋಡುವಾಗ ಇನ್ನೊಂದು ಸಂಗತಿಯೂ ಸಿಕ್ಕಿತು. ಅದೇ ಕಟ್ಟಡದ ಹಿಂದಿನ ಮೂರು ಚೀಟಿಗಳಲ್ಲಿ, ಮಾರ್ಚ್, ಏಪ್ರಿಲ್, ಮೇ ತಿಂಗಳುಗಳಲ್ಲಿ, ಮೆಕ್ಯಾನಿಕ್ ಬರೆದಿದ್ದರು: ‘ಕಾಯಿಲ್ ಬಿಸಿ ಆಗತೈತಿ. ಬದಲಿ ಮಾಡಬೇಕು. ಮುಂದಿನ ತಿಂಗಳು ನೋಡೋಣ ಅಂದರು.’ ಅದನ್ನು ನಾನು ಮೂರು ಸಲವೂ ‘ಕಾಯಿಲ್ ರೀಪ್ಲೇಸ್‌ಮೆಂಟ್ ವಾಸ್ ಪುಟ್ ಆಫ್’ ಎಂದು ಟೈಪ್ ಮಾಡಿದ್ದೆ. ಯಾರು ಮುಂದೂಡಿದರು ಎಂಬುದು ಅದರಲ್ಲಿರಲಿಲ್ಲ. ಕೆಡಿಸದವರಿಗೆ ‘ಬೈ’ ಹಚ್ಚಿದ್ದೆ, ಮುಂದೂಡಿದವರಿಗೆ ಹಚ್ಚಿರಲಿಲ್ಲ.

ಹದಿನೇಳರಂದು ಓನರಿಗೆ ಹೇಳಿ, ಮೆಕ್ಯಾನಿಕ್ ಜೊತೆ ಬಸವೇಶ್ವರನಗರಕ್ಕೆ ಹೋದೆ. ಕಾರ್ಯದರ್ಶಿ ಎಪ್ಪತ್ತು ದಾಟಿದ, ಕತ್ತಿಗೆ ಕನ್ನಡಕ ನೇತುಹಾಕಿಕೊಂಡ ಹೆಂಗಸು. ಮೂವತ್ತು ವರ್ಷ ಇಂಗ್ಲಿಷ್ ಮೇಷ್ಟ್ರಾಗಿದ್ದೆ ಎಂದು ಅವರೇ ಹೇಳಿದರು. ಮೇಡಂ ಎನ್ನದೆ ಮೇಷ್ಟ್ರು ಎಂದೇ ಹೇಳಿದ್ದು. ನಾನು ನಿಂತೇ ಒಪ್ಪಿಕೊಂಡೆ.

“ಆಂಟಿ, ಈ ವಾಕ್ಯ ಇವರದ್ದಲ್ಲ, ನಂದು. ಇವರು ಏನೂ ಕೆಡಿಸಿಲ್ಲ.”

“ನಿಂದಾ? ಕೂತ್ಕೋ ಹಾಗಾದ್ರೆ. ಯಾರಮ್ಮಾ ನಿನಗೆ ಇಂಗ್ಲಿಷ್ ಹೇಳ್ಕೊಟ್ಟೋರು? ಬೇಡ, ಹೆಸರು ಹೇಳ್ಬೇಡ. ನನ್ನ ಸ್ಟೂಡೆಂಟೇ ಆಗಿದ್ರೆ ಕಷ್ಟ.” ಆಮೇಲೆ ಮೆಕ್ಯಾನಿಕ್ ಕಡೆ ತಿರುಗಿದರು. “ನೀವು ಹೇಳಿ. ಲಿಫ್ಟಿಗೆ ಏನಾಯ್ತು? ನಿಮ್ಮ ಮಾತಲ್ಲೇ ಹೇಳಿ.”

“ಕೆಟ್ಟ ಹೋಗಿತ್ರೀ ಅಮ್ಮಾರ. ನಾ ಏನೂ ಕೆಡಸಿಲ್ರೀ.”

ಅವರು ಕನ್ನಡಕ ಏರಿಸಿಕೊಂಡು ನನ್ನತ್ತ ನೋಡಿದರು.

“ಕೇಳಿಸ್ತಾ? ಎರಡೇ ಮಾತಲ್ಲಿ ಕೇಸು ಮುಗೀತು. ಕೆಟ್ಟುಹೋಗೋದು ಬೇರೆ, ಕೆಡಿಸೋದು ಬೇರೆ. ಇಂಗ್ಲಿಷಲ್ಲೂ ಅಷ್ಟೇ ಕಣಮ್ಮ. ಲಿಫ್ಟ್ ಬ್ರೋಕ್ ಡೌನ್, ತಾನೇ ಕೆಟ್ಟಿತು. ಅದಕ್ಕೆ ‘ವಾಸ್’ ಹಚ್ಚಿದ್ಯೋ, ಯಾರೋ ಬಂದು ಒದ್ದು ಮುರಿದರು ಅಂತ.”

ಒಂದು ‘ವಾಸ್’. ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ಆ ಪದ ನಿಂತಿದ್ದ ಯಂತ್ರಕ್ಕೊಬ್ಬ ಅಪರಾಧಿಯನ್ನು ಹುಟ್ಟಿಸಿತ್ತು. ನನ್ನ ‘ಇಮ್ಮೀಡಿಯೆಟ್ಲಿ’ ಅವನ ಕೈಗೆ ಅವಸರವನ್ನೂ ಕೊಟ್ಟಿತ್ತು. ಬಾಣಂತಿಗಾಗಿ ಓಡಿದ ಅವಸರ ಜಾಗ ತಪ್ಪಿ ಮುರಿಯುವ ಅವಸರವಾಗಿತ್ತು.

ಅವರು ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಕೊಟ್ಟರು. ಅದರ ಹಿಂಬದಿಯಲ್ಲಿ ಬರೆಯಲು ಹೇಳಿದರು. ನಾನು ಬರೆದೆ: ದ ಲಿಫ್ಟ್ ಬ್ರೋಕ್ ಡೌನ್. ಇಟ್ ವಾಸ್ ಇಮ್ಮೀಡಿಯೆಟ್ಲಿ ಅಟೆಂಡೆಡ್ ಬೈ...

“ಅಟೆಂಡೆಡ್ ಟು. ಆ ‘ಟು’ ಎಲ್ಲಿ ಹೋಯ್ತು?”

“ಟು ಆದ್ಮೇಲೆ ಮತ್ತೆ ಬೈ ಬರುತ್ತಲ್ಲ ಆಂಟಿ? ಎರಡು ಒಟ್ಟಿಗೆ ಬರಬಹುದಾ?”

“ಬರಬಹುದಾ ಏನು, ಬರಲೇಬೇಕು. ‘ಟು’ ಕ್ರಿಯಾಪದದ ಮನೆಯೋನು, ಅವನು ಎಲ್ಲೂ ಹೋಗಲ್ಲ. ‘ಬೈ’ ಮಾಡಿದವನ ಕಡೆಯೋನು. ಪಕ್ಕಪಕ್ಕ ಕೂತ್ರೂ ಬೇರೆಬೇರೆ ಮನೆಯೋರು.”

ನಾನು ಬರೆದದ್ದನ್ನು ಮತ್ತೆ ಮತ್ತೆ ನೋಡಿದೆ. ಟು, ಬೈ. ಯಾವತ್ತೂ ಗಮನಿಸದ ಎರಡು ಪುಟ್ಟ ಪದಗಳು ತಮ್ಮ ತಮ್ಮ ಭಾರ ಹೊತ್ತು ಅಲುಗದೆ ನಿಂತಿದ್ದವು. ಮೈ ಜುಮ್ಮೆಂದಿತು. ಲಿಫ್ಟಿನ ಮಷಿನ್ ರೂಮನ್ನು ಮೊದಲ ಸಲ ನೋಡಿದ ದಿನವೂ ಹೀಗೇ ಆಗಿತ್ತು. ಗುಂಡಿ ಒತ್ತುವ ನಮಗೆ ಕಾಣದ ಅಷ್ಟೊಂದು ಹಗ್ಗ, ಅಷ್ಟೊಂದು ತೂಕ ಮೇಲೆ ಕೆಲಸ ಮಾಡುತ್ತಿತ್ತು.

ಆಮೇಲೆ ಮೂರು ತಿಂಗಳ ಚೀಟಿಗಳನ್ನು ಅವರ ಮುಂದಿಟ್ಟೆ. ಅವರು ಒಂದೊಂದನ್ನೂ ಓದಿದರು. ಕೊನೆಗೆ, “ಇದನ್ನೂ ಬರಿ” ಎಂದರು.

ನಾನು ಬರೆಯತೊಡಗಿದೆ: ಕಾಯಿಲ್ ರೀಪ್ಲೇಸ್‌ಮೆಂಟ್ ಹ್ಯಾಡ್ ಬೀನ್ ಪುಟ್...

“ಒಂದೇ ಸಲ ಮುಂದೂಡಿದ್ದಾ?”

“ಮೂರು ಸಲ.”

“ಹಾಗಾದ್ರೆ ‘ರಿಪೀಟೆಡ್ಲಿ’ ಬೇಕು. ಎಲ್ಲಿ ಹಾಕ್ತೀಯ?”

ನಾನು ‘ಪುಟ್’ ಆದಮೇಲೆ ಪೆನ್ನು ಇಟ್ಟೆ. ಅವರು ನನ್ನ ಕೈ ಹಿಡಿದರು.

“ಪುಟ್‌ಗೂ ಆಫ್‌ಗೂ ನಡುವೆ ಮಾತ್ರ ಯಾರನ್ನೂ ಬಿಡ್ಬೇಡ. ಅವರಿಬ್ರೂ ಗಂಡ ಹೆಂಡತಿ. ಹೊಸಬ ಬಂದ್ರೆ ಮುಂದಿನ ಸೀಟಲ್ಲಿ ಕೂರಿಸು.”

ಹ್ಯಾಡ್ ಬೀನ್ ರಿಪೀಟೆಡ್ಲಿ ಪುಟ್ ಆಫ್. ಬರೆದು ಚುಕ್ಕಿ ಇಟ್ಟೆ. ಮೇಷ್ಟ್ರು ಆ ಚುಕ್ಕಿಯನ್ನೇ ನೋಡುತ್ತಾ ಕೂತರು. ಅಲ್ಲಿಗೆ ನಿಲ್ಲಿಸಿದ್ದರೆ ಯಾರದ್ದೂ ಹೆಸರಿಲ್ಲದ ತಪ್ಪಾಗಿ ಅದು ಉಳಿಯುತ್ತಿತ್ತು. ಕೇಳುವ ಧೈರ್ಯ ನನಗೂ ಇರಲಿಲ್ಲ, ಮೆಕ್ಯಾನಿಕ್‌ಗೂ ಇರಲಿಲ್ಲ. ಅವರು ನೆಲ ನೋಡುತ್ತಿದ್ದರು. ಕೊನೆಗೆ ಮೇಷ್ಟ್ರು ನನ್ನ ಕೈಯಿಂದ ಪೆನ್ನು ತೆಗೆದುಕೊಂಡರು. ಚುಕ್ಕಿಯನ್ನು ಹೊಡೆದುಹಾಕಿ, ದುಂಡಗಿನ ಅಕ್ಷರದಲ್ಲಿ ತಾವೇ ಬರೆದರು: ಬೈ ದ ಕಮಿಟಿ.

“ಮುಂದಿನ ತಿಂಗಳು ನೋಡೋಣ ಅಂದೋಳು ನಾನೇ” ಎಂದರು. “ನಿನ್ನ ವಾಕ್ಯದಲ್ಲಿ ನಮಗೆ ಅಡಗಿಕೊಳ್ಳೋಕೆ ಒಳ್ಳೇ ಜಾಗ ಇತ್ತು ಕಣಮ್ಮ.”

ನಂತರ ಓನರಿಗೆ ಫೋನ್ ಮಾಡಿದರು. ಕಾಂಟ್ರಾಕ್ಟ್ ಇರುತ್ತದೆ, ಆದರೆ ಇವರನ್ನೇ ಕಳಿಸಬೇಕು ಎಂದರು. ಮೆಕ್ಯಾನಿಕ್ ಎರಡೂ ಕೈ ಜೋಡಿಸಿದರು.

ಹೊರಡುವ ಮುಂಚೆ ಮೇಷ್ಟ್ರು ಇನ್ನೊಂದು ವಾಕ್ಯ ಕೇಳಿದರು, ಬಾಣಂತಿಯದ್ದು. ಈ ಸಲ ಯಾರೂ ಹೇಳಿಕೊಡದೆ ನಾನೇ ಬರೆದೆ: ದ ಮದರ್ ಆ್ಯಂಡ್ ಬೇಬಿ ವರ್ ಸೇಫ್ಲಿ ಬ್ರಾಟ್ ಔಟ್ ಬೈ ಅವರ್ ಟೆಕ್ನಿಷಿಯನ್.

ಮರುದಿನ ಮನೆಯಲ್ಲಿ ಅಮ್ಮನ ಮಾತಿಗೆ ಕಿವಿಗೊಟ್ಟು ಕೂತೆ. ಹಾಲು ಉಕ್ಕಿಹೋಯ್ತು, ಬಸ್ಸು ಹೊರಟುಹೋಯ್ತು, ಲೋಟ ಒಡೆದುಹೋಯ್ತು. ರಾತ್ರಿ ಊಟದ ಹೊತ್ತಿಗೆ ಇಪ್ಪತ್ತಮೂರು ‘ಹೋಯ್ತು’ ಲೆಕ್ಕಕ್ಕೆ ಸಿಕ್ಕವು. ‘ಪೂರ್ತಿ ಉಕ್ಕಿಹೋಯ್ತು’ ಎಂದಳೇ ಹೊರತು ‘ಉಕ್ಕಿ ಪೂರ್ತಿ ಹೋಯ್ತು’ ಎಂದು ಒಮ್ಮೆಯೂ ಅನ್ನಲಿಲ್ಲ. ಅವಳಿಗೂ ಗಂಡ ಹೆಂಡತಿಯ ನಡುವೆ ಯಾರನ್ನೂ ಬಿಡಬಾರದೆಂದು ಗೊತ್ತಿತ್ತು. ಹೇಳಿಕೊಟ್ಟವರು ಯಾರೆಂದು ಮಾತ್ರ ಅವಳಿಗೆ ಗೊತ್ತಿಲ್ಲ.

ಆದರೆ ಅಂದು, ಹದಿನೇಳರಂದು, ಮೆಟ್ಟಿಲಿಳಿಯುವಾಗ ಮೆಕ್ಯಾನಿಕ್ ಕಾಗದವನ್ನು ನನ್ನಿಂದ ಇಸಿದುಕೊಂಡು ಕೊನೆಯ ಸಾಲಿನ ಮೇಲೆ ಬೆರಳಿಟ್ಟಿದ್ದರು.

“ಈ ನಡುವಿಂದು ಏನ್ ತಂಗಿ?”

“ಸೇಫ್ಲಿ. ಏನೂ ಆಗದ ಹಾಗೆ, ಜೋಪಾನವಾಗಿ ಅಂತ ಅಣ್ಣ.”

“ಹೌದೇನು?” ಎಂದು ಅವರು ಆ ಪದವನ್ನು ಎಣ್ಣೆ ಹತ್ತಿದ ಹೆಬ್ಬೆರಳಿನಿಂದ ಮೆಲ್ಲಗೆ ಸವರಿದರು. “ಅಷ್ಟು ಇದ್ರ ಸಾಕವಾ. ನಾ ಮಾಡಿದ್ದು ಅದ ಒಂದ ಕೆಲಸ.”