ಶಿವನಂಜಪ್ಪ ಮಾವನ ಕಾರಿನ ಹೊಟ್ಟೆಯುಬ್ಬರ

ನೀವು ಇದನ್ನು ನಂಬುವುದಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಮ್ಮ ಪಕ್ಕದ ಮನೆಯ ಶಿವನಂಜಪ್ಪ ಮಾವ ತಮ್ಮ ಕಾರಿಗೆ ಬೀಡಿ ಸೇದಿಸುತ್ತಿದ್ದರು. ಬಾನೆಟ್ಟಿನೊಳಗೆ ಸೊಂಟದವರೆಗೆ ಇಳಿದು, ಡೀಸೆಲ್ ಪೈಪಿನ ಒಂದೊಂದು ಗೆಣ್ಣಿಗೂ ಹೊಗೆ ಊದಿ, ಅದು ಎಲ್ಲಿ ಒಳಕ್ಕೆ ಎಳೆದುಕೊಳ್ಳುತ್ತದೋ ಎಂದು ನೋಡುವರು. ಬೀದಿಯಿಂದ ನೋಡಿದರೆ ಕಾರಿಗೇ ಎರಡು ಕಾಲು, ಒಂದು ಪಂಚೆ ಮೂಡಿದಂತಿರುತ್ತಿತ್ತು.

ಕಾರೂ ಅಂಥದ್ದೇ. ಯಾವುದೋ ದಿವಾನರ ಕಾಲದ ಅಮೆರಿಕದ ಗಾಡಿ. ಪೆಟ್ರೋಲ್ ಇಂಜಿನ್ ಕಿತ್ತು ಲಾರಿಯ ಡೀಸೆಲ್ ಇಂಜಿನ್ ಕೂರಿಸಿದ್ದರು. ಮೈಸೂರಿನ ಚಾಮರಾಜಪುರಂನಲ್ಲಿ ಅದು ಶುರುವಾದರೆ ಊರಾಚೆಯ ಹೂಟಗಳ್ಳಿಯಲ್ಲಿ ಎತ್ತುಗಳು ಹಗ್ಗ ಕಿತ್ತುಕೊಳ್ಳುತ್ತಿದ್ದವು. ಆದರೆ ಎರಡು ಬೀದಿ ದಾಟುವಷ್ಟರಲ್ಲಿ ಬಿಕ್ಕಳಿಸಿ ನಿಂತುಬಿಡುತ್ತಿತ್ತು.

“ಹೊಟ್ಟೇಲಿ ಗಾಳಿ ಸೇರ್ಕೊಂಡದೆ ಕಣ್ಲಾ,” ಎನ್ನುವರು ಮಾವ. “ಡೀಸೆಲ್ ಹೊರಕ್ಕೆ ಸೋರಿದ್ರೆ ಕಾಣ್ತದೆ. ಗಾಳಿ ಒಳಕ್ಕೆ ನುಗ್ಗಿದ್ರೆ ಯಾರಿಗ್ ಕಾಣ್ತದೆ? ಪಂಪು ಎಳ್ಕೊಳ್ವಾಗ ಕಳ್ಳನಂಗೆ ಬಂದ್ಬುಡ್ತದೆ.”

ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ, ನೊರೆಯೆಲ್ಲ ಕಕ್ಕಿಸಿದರೆ ಮತ್ತೆ ಎರಡು ಬೀದಿ ಓಡುವುದು. ಹೀಗಾಗಿಯೇ ಅವರ ಮಗಳು ಗಿರಿಜಕ್ಕನನ್ನು ನೋಡಲು ಬಂದ ಮೊದಲ ಗಂಡಿನ ಕಡೆಯವರು ಸ್ಟೇಷನ್ನಿಂದ ಮನೆಯವರೆಗೂ ಕಾರು ತಳ್ಳಿಕೊಂಡು ಬಂದು, ಉಪ್ಪಿಟ್ಟು ಮುಟ್ಟದೆ ಹೋಗಿದ್ದರು.

ಎರಡನೆಯ ಗಂಡಿನವರು ಬರುವ ಬೆಳಿಗ್ಗೆಯೂ ಕಾರು ಬಿಕ್ಕಳಿಸಿತು.

“ಅಪ್ಪಾಜಿ, ಜಟಕಾದಲ್ಲಿ ಕರ್ಕೊಂಡ್ ಬನ್ನಿ,” ಎಂದಳು ಗಿರಿಜಕ್ಕ. “ಇದೂ ತಪ್ಪಿದ್ರೆ ನಿಮ್ ಕಾರಿಗೇ ನನ್ನ ಧಾರೆ ಎರ್ದುಬುಡಿ.”

“ಕಾರಿರೋ ಮನೆ ಅಂತ್ಲೇ ಅವರು ಬರ್ತಾ ಇರೋದು ಕಣಮ್ಮ.”

ಆಗ ನನ್ನ ತಲೆ ಓಡಿತು. ಅಂಥ ತಲೆ ಮೈಸೂರಿನಲ್ಲಿ ಇನ್ನೊಂದಿಲ್ಲ. ನಮ್ಮಪ್ಪ ಕಾಂಪೌಂಡರ್. ಮನೆಯಲ್ಲಿದ್ದ ಅವರ ಎನಿಮಾ ಡಬ್ಬ ತಂದುಕೊಟ್ಟೆ. ಅದಕ್ಕೆ ಉದ್ದನೆಯ ರಬ್ಬರ್ ಕೊಳವೆ, ನಡುವೆ ಒಂದು ಗಾಜಿನ ತುಂಡು. ಮಾವ ಟ್ಯಾಂಕಿನಿಂದ ಬರುವ ಪೈಪನ್ನು ಪಂಪಿನಿಂದ ಬಿಚ್ಚಿ, ಅಲ್ಲಿಗೆ ಈ ಕೊಳವೆ ಸಿಕ್ಕಿಸಿ, ಡಬ್ಬ ಮೇಲೆತ್ತಿ ಡೀಸೆಲ್ ಸುರಿದರು. ಗಾಜಿನಲ್ಲಿ ಒಂದು ಗುಳ್ಳೆಯೂ ಇಲ್ಲ. ಇಂಜಿನ್ ನಿಲ್ಲದೆ ಓಡಿತು.

“ಪಂಪು ಚಿನ್ನ. ಕಳ್ಳ ಟ್ಯಾಂಕಿನ್ ಪೈಪಲ್ಲವ್ನೆ. ಈಗ ಹುಡ್ಕೋಕೆ ಹೊತ್ತಿಲ್ಲ, ರೈಲು ಬಂದ್ಬುಡ್ತದೆ. ಡಬ್ಬ ಎತ್ತಿ ಹಿಡ್ಕೊಂಡು ಮುಂದ್ಗಡೆ ಕೂತ್ಕೊ.”

ಕೊಳವೆಯನ್ನು ಕಿಟಕಿಯಿಂದ ಒಳಗೆಳೆದುಕೊಂಡು, ಡಬ್ಬವನ್ನು ಮಂಗಳಾರತಿಯಂತೆ ಎತ್ತಿ ಹಿಡಿದು ಕೂತೆ. ಸ್ಟೇಷನ್ನಿಂದ ಬರುವಾಗ ಹಿಂದಿನ ಸೀಟಿನಿಂದ ಗಂಡಿನ ತಂದೆ ಕೇಳಿದರು, “ಅದೇನ್ರೀ ಅದು?”

“ಹೊಸಾ ಏರ್ಪಾಡು ಕಣ್ರೀ,” ಎಂದರು ಮಾವ, ಮೀಸೆ ತಿರುವುತ್ತ. “ವಿಲಾಯ್ತಿದು. ಈ ಊರಲ್ಲಿ ಇದೊಂದೇ ಇರೋದು.”

ಕಾರು ಒಮ್ಮೆಯೂ ಬಿಕ್ಕಳಿಸಲಿಲ್ಲ. ಗಂಡಿನ ತಂದೆ ಎಷ್ಟು ಮೆಚ್ಚಿದರೆಂದರೆ, ಇಳಿದ ಮೇಲೆ ಕೊಳವೆ ಬಿಚ್ಚಿಸಿ, ಡಬ್ಬವನ್ನು ತಾವೇ ಎರಡೂ ಕೈಯಲ್ಲಿ ಹಿಡಿದು ಒಳಗೆ ತಂದು, ತಾಂಬೂಲದ ತಟ್ಟೆಯ ಪಕ್ಕದಲ್ಲಿಟ್ಟು, ಹಿಂದೆ ಮುಂದೆ ತಿರುಗಿಸಿ ನೋಡಿದರು. ಗಿರಿಜಕ್ಕ ಕಾಫಿ ತಂದಳು. ಹುಡುಗ ಕಾಫಿಯನ್ನು ಬಿಟ್ಟು ಅವಳನ್ನೇ ನೋಡಿದ.

“ನಮ್ಮ ಕಡೆಯಿಂದ ಒಪ್ಗೆ ಅಂತ್ಲೇ ಇಟ್ಕೊಳಿ,” ಎನ್ನುತ್ತ ಗಂಡಿನ ತಂದೆ ಎಲೆಯಡಿಕೆ ಕೈಗೆತ್ತಿಕೊಂಡರು.

ನಮ್ಮಪ್ಪ ಒಳಗೆ ಬಂದರು.

“ಶಿವನಂಜಪ್ಪನೋರೆ, ನನ್ನ ಎನಿಮಾ ಡಬ್ಬ ಏನಾದ್ರೂ ಈ ಕಡೆ ಬಂತಾ? ದೇವರಾಜ ಮೊಹಲ್ಲಾದಲ್ಲಿ ಒಬ್ರು ನಾಲ್ಕೈದು ದಿನದಿಂದ ಕಕ್ಕಸಿಗೆ ಹೋಗಿಲ್ಲ, ಕಾಯ್ತಾ ಇದಾರೆ. ಓ, ಇಲ್ಲೇ ಇದೆಯಲ್ಲ.”

ಗಂಡಿನ ತಂದೆ ಎಲೆಯಡಿಕೆಯನ್ನು ಮೆಲ್ಲಗೆ ತಟ್ಟೆಗೆ ಹಾಕಿ, ತಮ್ಮ ಎರಡೂ ಅಂಗೈಗಳನ್ನು ನೋಡಿಕೊಂಡು, ಎದ್ದರು.