ನಂಜಪ್ಪನವರ ಹೆಸರಿಗಾಗಿ ಅಡಿಲೇಡ್‌ಗೆ

ಜುಲೈ ತಿಂಗಳ ಒಂದು ಶುಕ್ರವಾರ ಬೆಳಿಗ್ಗೆ ಆರಕ್ಕೆ ಪರ್ತ್‌ನಿಂದ ಹೊರಟೆ. ಅಡಿಲೇಡ್‌ಗೆ ವಿಮಾನದಲ್ಲಿ ಮೂರು ಗಂಟೆಯ ದಾರಿ. ಅಲ್ಲಿಯ ಗಡಿಯಾರ ನಮಗಿಂತ ಒಂದೂವರೆ ಗಂಟೆ ಮುಂದೆ, ಇಳಿದಾಗ ಹತ್ತೂವರೆಯಾಗಿತ್ತು. ಹೊರ ರಾಜ್ಯದ ಹಣ್ಣು ಒಳಗೆ ಬಿಡುವುದಿಲ್ಲವೆಂದು ಚೀಲದಲ್ಲಿದ್ದ ಎರಡು ಕಿತ್ತಳೆಯನ್ನು ನಿಲ್ದಾಣದ ಡಬ್ಬಿಗೆ ಹಾಕಿದೆ. ಬ್ರಿಸ್ಬೇನ್‌ನ ಸೇಂಟ್ ಲೂಸಿಯಾದಲ್ಲಿ ಓದುವ ನನ್ನ ಮಗಳು ಅನಘಾ ಆಗಲೇ ಬಂದು ಕಾಯುತ್ತಿದ್ದಳು.

ನಮ್ಮನ್ನು ಕರೆಸಿದವರು ತೊಂಬತ್ತು ದಾಟಿದ ಮಾರ್ಗರೆಟ್. ಅವರ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ಇಂಜಿನಿಯರ್ ಆಗಿದ್ದರು. ನನ್ನ ತಾತನ ಅಣ್ಣ ನಂಜಪ್ಪನವರು ಅದೇ ಗಣಿಯ ಬಾವಿಗಳಿಗೆ ಹಗ್ಗ ಹಿಡಿದು ಇಳಿಯುತ್ತಿದ್ದರು. ರಜೆಯಲ್ಲಿ ಜೊತೆಯಾಗಿ ಬಂಡೆ ಹತ್ತುತ್ತಿದ್ದ ಇಬ್ಬರೂ ಒಂದು ಬೇಸಿಗೆ, ಆವರೆಗೆ ಯಾರೂ ತುದಿ ಮುಟ್ಟಿರದ ಹಿಮಾಲಯದ ಶಿಖರವೊಂದಕ್ಕೆ ಹೋದರು. ಹಿಂತಿರುಗಲಿಲ್ಲ. ಹೆಣವೂ ಸಿಗಲಿಲ್ಲ. "ಅಣ್ಣ ಆ ಬಿಳಿ ದೊರೆಯ ಮೂಟೆ ಹೊರೋಕೆ ಹೋಗಿ ಸತ್ತ" ಎಂದು ತಾತ ಕಡೆಯವರೆಗೂ ನೊಂದುಕೊಳ್ಳುತ್ತಿದ್ದರು. ಮನೆಯಲ್ಲಿ ಆ ಮಾತು ಅಷ್ಟಕ್ಕೇ ನಿಲ್ಲುತ್ತಿತ್ತು. ನಂಜಪ್ಪನ ಮನೆಯವರನ್ನು ಹುಡುಕಿಕೊಡಿ ಎಂದು ಮಾರ್ಗರೆಟ್ ಕನ್ನಡ ಸಂಘವೊಂದಕ್ಕೆ ಬರೆದ ಪತ್ರ ಅನಘಾಳ ಕಣ್ಣಿಗೆ ಬಿದ್ದಿತ್ತು.

ಬಸ್ಸಿನಲ್ಲಿ ಮುಕ್ಕಾಲು ಗಂಟೆ ಹೋಗಿ ಅವರ ಬೆಟ್ಟದೂರು ಸೇರಿದೆವು. ತುಂತುರು ಮಳೆ, ಕೊರೆಯುವ ಗಾಳಿ. ಮಾರ್ಗರೆಟ್ ಮೊದಲು ಬಿಸಿ ಸೂಪು, ಬ್ರೆಡ್ಡು ಕೊಟ್ಟರು. ಆಮೇಲೆ ಒಂದು ಚೀಟಿ ತಂದರು. ಕಡೆಯ ಡೇರೆಯಿಂದ ಅವರ ತಂದೆ ಕೂಲಿಯವನ ಕೈಲಿ ಕೆಳಗೆ ಕಳಿಸಿದ್ದು.

"ನಾನು ಹುಟ್ಟಿದ್ದೇ ಅಪ್ಪ ಹೋದ ಮೇಲೆ. ಅವರ ಕೈಬರಹ ಅಂತ ನನ್ನ ಹತ್ತಿರ ಇರೋದು ಇದೊಂದೇ" ಎಂದು ಇಂಗ್ಲಿಷಿನಲ್ಲಿ ಹೇಳಿ ನನ್ನ ಕೈಗಿಟ್ಟರು.

ಗಟ್ಟಿಯಾಗಿ ಓದಿದೆ. "ಇವತ್ತು ಎರಡು ಸಲ ಜಾರಿದೆ. ಎರಡು ಸಲವೂ ನಂಜಪ್ಪ ಹಿಡಿದ. ಹಿಮದ ಮೇಲೆ ಅವನು ನನಗಿಂತ ಗಟ್ಟಿಗ. ನಾಳೆ ಅವನು ಮುಂದೆ, ನಾನು ಹಿಂದೆ."

ಅನಘಾ ಕುರ್ಚಿಯಿಂದ ಎದ್ದೇಬಿಟ್ಟಳು. "ಅಮ್ಮಾ, ಹೀ ವಾಸ್ ಲೀಡಿಂಗ್!"

ಕಡೆಯ ಸಾಲನ್ನು ಮತ್ತೊಮ್ಮೆ ಓದಿದೆ. ಎದೆಯುಬ್ಬಿ ಬಂದಿತ್ತು.

ಶನಿವಾರ ಮಳೆ ಬಿಟ್ಟಿತು. ಊರಿನ ಸ್ಮಶಾನದಲ್ಲಿದ್ದ ನೆನಪಿನ ಕಲ್ಲಿನ ಬಳಿಗೆ ಮಾರ್ಗರೆಟ್ ನಮ್ಮನ್ನು ಕರೆದೊಯ್ದರು. ಅದರ ಮೇಲೆ ಅವರ ತಂದೆಯ ಹೆಸರು ಮಾತ್ರವಿತ್ತು.

"ಅಮ್ಮ ಹಾಕಿಸಿದ ಕಲ್ಲು. ಒಂದು ಹೆಸರು ಬಿಟ್ಟುಹೋಗಿದೆ. ಅವರ ಭಾಷೆಯಲ್ಲೇ ಬರೆದುಕೊಡು" ಎಂದರು.

ಅವರು ಅಲ್ಲಿಗೆ ಕರೆಸಿದ್ದ ಕಲ್ಲು ಕೆತ್ತುವವನ ಕಾಗದದ ಮೇಲೆ ದಪ್ಪ ಅಕ್ಷರದಲ್ಲಿ 'ನಂಜಪ್ಪ' ಎಂದು ಬರೆದೆ. ಒತ್ತಕ್ಷರ ಎಲ್ಲಿ ಕೂರುತ್ತದೆಂದು ಅವನು ಎರಡು ಸಲ ಕೇಳಿಕೊಂಡ. ಮಾರ್ಗರೆಟ್ ಆ ಅಕ್ಷರಗಳ ಮೇಲೆ ಮೆಲ್ಲಗೆ ಬೆರಳಾಡಿಸಿದರು.

ಭಾನುವಾರ ಅನಘಾಳನ್ನು ಬ್ರಿಸ್ಬೇನ್ ವಿಮಾನಕ್ಕೆ ಹತ್ತಿಸಿ, ನನ್ನ ಸರದಿ ಕಾಯುತ್ತ ಕೋಲಾರದಲ್ಲಿರುವ ಅಪ್ಪನಿಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿ, ಕನ್ನಡದಲ್ಲಿ ಬರೆದುಕೊಂಡಿದ್ದ ಚೀಟಿಯ ಮಾತುಗಳನ್ನೂ ಓದಿದೆ.

"ಆ ಚೀಟಿ ಇನ್ನೊಂದ್ಸಲ ಓದಮ್ಮಾ" ಎಂದರು ಅಪ್ಪ. ಮರುಕ್ಷಣವೇ, "ತಾಳು ತಾಳು, ಮನೆಯೋರ್ನೆಲ್ಲ ಕರೀತೀನಿ. ಎಲ್ರಿಗೂ ಕೇಳೋ ಹಾಗೆ ಓದು."

ಪರ್ತ್ ವಿಮಾನಕ್ಕೆ ಕರೆಯುತ್ತಿದ್ದರು. ನಾನು ಸಾಲಿನಿಂದ ಹೊರಗೆ ಬಂದು, ದನಿ ಎತ್ತಿ ಓದತೊಡಗಿದೆ.